ಕಡಲಂಚಿನ ಎರಡು ಕೀಟಗಳು: ನೀಲಿ ಚಿಟ್ಟೆ ಮತ್ತು ಹುಲಿ ಜೀರುಂಡೆ

ಕಡಲತೀರವು ನೋಟಕ್ಕೆ ಒಂದೇ ಆವಾಸವೆಂದು ತೋರಿದರೂ ಅಲ್ಲಿ ಬಾಳುವ ಜೀವಿಗಳಿಗೆ ಅದು ಒಂದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯ ಎರಡು ವಿರಳ ಕೀಟಗಳು ಇದಕ್ಕೆ ನಿದರ್ಶನವಾಗಿವೆ. ಒಂದು, ಫ್ಲಾರಿಡಾದ ಮಯಾಮಿ ನೀಲಿ ಚಿಟ್ಟೆ. ಇನ್ನೊಂದು, ಉತ್ತರದ ಚೆಸಪೀಕ್ ಕೊಲ್ಲಿ ಹಾಗೂ ಮ್ಯಾಸಚೂಸೆಟ್ಸ್ ತೀರಗಳಲ್ಲಿ ಉಳಿದಿರುವ ಹುಲಿ ಜೀರುಂಡೆ. ಇವುಗಳ ಅಳಿವು ಉಳಿವನ್ನು ಮುಖ್ಯವಾಗಿ ನಿರ್ಧರಿಸುವುದು ಪ್ರೌಢಾವಸ್ಥೆಯಲ್ಲ, ಡಿಂಬಾವಸ್ಥೆ.

ಮಯಾಮಿ ನೀಲಿಯ ಪ್ರೌಢ ಚಿಟ್ಟೆ ಹಲವು ಬಗೆಯ ಹೂಗಳ ಮಕರಂದವನ್ನು ಹೀರಬಲ್ಲದು. ಆದರೆ ಅದರ ಮರಿಹುಳುವಿಗೆ ಆಹಾರವಾಗುವ ಸಸ್ಯಗಳು ಕೆಲವೇ. ಅವುಗಳಲ್ಲಿ ಕನ್ನಡನಾಡಿಗೂ ಪರಿಚಿತವಾದ ಗಜ್ಜುಗ ಮತ್ತು ಸೀಮೆಹುಣಸೆಯ ಕುಲಕ್ಕೆ ಸೇರಿದ ಒಂದು ಗಿಡ ಮುಖ್ಯವಾದುವು. ಮರಿಹುಳು ಸ್ರವಿಸುವ ಸಿಹಿದ್ರವಕ್ಕಾಗಿ ಇರುವೆಗಳು ಅದರ ಸುತ್ತ ನೆರೆದು ಶತ್ರುಗಳಿಂದ ಕಾಯುತ್ತವೆ. 1992ರ ಆಂಡ್ರೂ ಚಂಡಮಾರುತದ ಬಳಿಕ ಈ ಚಿಟ್ಟೆ ನಶಿಸಿತೆಂದೇ ಭಾವಿಸಲಾಗಿತ್ತು. 1999ರಲ್ಲಿ ಬಹಿಯಾ ಹೊಂಡಾ ದ್ವೀಪದಲ್ಲಿ ಅದು ಮತ್ತೆ ಕಂಡುಬಂದಿತು. ಆದರೆ 2010ರಲ್ಲಿ ಅಲ್ಲಿಂದಲೂ ಕಣ್ಮರೆಯಾಯಿತು. ತೀವ್ರ ಚಳಿ ಹಾಗೂ ಗಜ್ಜುಗದ ಚಿಗುರನ್ನು ಮೇಯುವ ಹೊರನಾಡಿನ ಇಗ್ವಾನಗಳು ಇದಕ್ಕೆ ಕಾರಣಗಳೆಂದು ಪರಿಗಣಿಸಲಾಗಿದೆ. 2012ರಲ್ಲಿ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಹುಲಿ ಜೀರುಂಡೆಯ ಬದುಕು ಇದಕ್ಕೆ ತೀರ ಭಿನ್ನವಾದುದು. ಅದರ ಮೇಲ್ರೆಕ್ಕೆಗಳು ಮರಳಿನ ಬಣ್ಣದವು. ನೀರಂಚಿನಲ್ಲಿ ವೇಗವಾಗಿ ಓಡಿ ಸಣ್ಣ ಜೀವಿಗಳನ್ನು ಅದು ಬೇಟೆಯಾಡುತ್ತದೆ. ಡಿಂಬವಾದರೋ ಓಡುವುದಿಲ್ಲ. ಮರಳಿನಲ್ಲಿ ನೇರವಾಗಿ ಇಳಿದ ಬಿಲದ ಬಾಯಿಯನ್ನು ತನ್ನ ಚಪ್ಪಟೆ ತಲೆಯಿಂದ ಮುಚ್ಚಿ ಹೊಂಚುಹಾಕುತ್ತದೆ. ಬೆನ್ನಿನ ಕೊಕ್ಕೆಗಳನ್ನು ಬಿಲದ ಗೋಡೆಗೆ ನೆಟ್ಟಿರುವುದರಿಂದ ಸಿಕ್ಕ ಬೇಟೆ ಅದನ್ನು ಹೊರಗೆಳೆಯಲಾರದು. ಸಾಮಾನ್ಯವಾಗಿ ಎರಡು ವರ್ಷಗಳ ಈ ಬಿಲವಾಸದಲ್ಲಿ ವಾಹನಗಳ ಚಕ್ರ, ಜನರ ತುಳಿತ, ತಡೆಗೋಡೆಗಳ ನಿರ್ಮಾಣ ಇವೆಲ್ಲವೂ ಡಿಂಬಕ್ಕೆ ಮಾರಕವಾಗುತ್ತವೆ. 1990ರಲ್ಲಿ ಇದನ್ನು ಅಪಾಯಕ್ಕೊಳಗಾದ ಜೀವಿಯೆಂದು ಘೋಷಿಸಲಾಯಿತು.

ಹೀಗೆ ಒಂದಕ್ಕೆ ತೀರದ ಹಸುರು ಆಧಾರವಾದರೆ, ಇನ್ನೊಂದಕ್ಕೆ ಬಯಲು ಮರಳೇ ಆಧಾರ. ಮರಳನ್ನು ಹಿಡಿದಿಡಲು ಗಿಡ ನೆಡುವ ಕಾರ್ಯವು ಚಿಟ್ಟೆಯ ತೀರದಲ್ಲಿ ಉಪಕಾರಿಯಾಗಬಹುದು. ಜೀರುಂಡೆಯ ತೀರದಲ್ಲಿ ಅದೇ ಕಾರ್ಯ ಆವಾಸವನ್ನೇ ಕಿರಿದಾಗಿಸುತ್ತದೆ. ಆದರೂ ಇವೆರಡರ ನಡುವೆ ಒಂದು ಸಾಮ್ಯವಿದೆ. ಚದುರಿದ ಸಣ್ಣ ನೆಲೆಗಳಲ್ಲಿ ಬಾಳುವ ಈ ಕೀಟಗಳ ಒಂದು ನೆಲೆ ನಾಶವಾದಾಗ, ಅದು ಮತ್ತೆ ತುಂಬಬೇಕಾದರೆ ಸಮೀಪದಲ್ಲಿ ಇನ್ನೊಂದು ನೆಲೆ ಉಳಿದಿರಬೇಕು. ಆದುದರಿಂದ ಯಾವುದೇ ತೀರದ ಸಂರಕ್ಷಣಾ ಯೋಜನೆಯು ಹಾರುವ ಕೀಟವನ್ನು ಎಣಿಸುವುದರೊಂದಿಗೆ ಅದರ ಡಿಂಬ ಬೆಳೆಯುವ ಎಲೆಯನ್ನೂ ಮರಳನ್ನೂ ಗುರುತಿಸುವುದು ಅವಶ್ಯಕ.