ಕಡತವ್ಯವಸ್ಥೆಯೂ ಡಿಸ್ಕಿನ ಬಿಡುಗಡೆಯೂ: ಒಂದು ಕ್ರಮದೋಷದ ಪರಿಶೀಲನೆ

ಘಟನೆಗಳ ಪೌರ್ವಾಪರ್ಯವನ್ನು ನಿರ್ಣಯಿಸುವುದು ಇತಿಹಾಸಕಾರನ ಮೊದಲ ಕರ್ತವ್ಯ. ಗಣಕಯಂತ್ರದ ಒಳಗೂ ಇದೇ ಪ್ರಶ್ನೆ ಏಳುವುದುಂಟು. ಏಕಕಾಲದಲ್ಲಿ ಸಾಗುವ ಎರಡು ಕಾರ್ಯಗಳಲ್ಲಿ ಯಾವುದು ಮುಂದಾಯಿತೆಂಬುದರ ಮೇಲೆ ಫಲವು ಬೇರೆಬೇರೆಯಾದರೆ, ಆ ಸ್ಥಿತಿಗೆ ‘ರೇಸ್ ಕಂಡಿಷನ್’ ಎಂದು ಹೆಸರು. ಶಾಸನಗಳ ಛಾಯಾಪ್ರತಿಗಳನ್ನೂ ಓಲೆಗರಿಗಳ ಪ್ರತಿಗಳನ್ನೂ ಡಿಸ್ಕುಗಳಿಗೆ ಒಪ್ಪಿಸುತ್ತಿರುವ ಈ ಕಾಲದಲ್ಲಿ, ಡಿಸ್ಕನ್ನು ಮುಚ್ಚುವ ಕ್ರಮವು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದು ನಮಗೂ ಸಂಬಂಧಿಸಿದ ವಿಷಯವೇ. ಲಿನಕ್ಸ್ ಕರ್ನಲ್‌ನಲ್ಲಿ 2023ರಲ್ಲಿ ನಡೆದ ಒಂದು ತಿದ್ದುಪಡಿಯ ಮೂಲಕ ಇದನ್ನು ವಿವರಿಸಲು ಯತ್ನಿಸುತ್ತೇವೆ.

ಬಳಕೆಯಲ್ಲಿರುವ ಪ್ರತಿಯೊಂದು ಕಡತವ್ಯವಸ್ಥೆಗೂ ಸ್ಮೃತಿಯಲ್ಲಿ ‘ಸೂಪರ್‌ಬ್ಲಾಕ್’ ಎಂಬ ಮುಖ್ಯ ದಾಖಲೆಯೊಂದಿರುತ್ತದೆ. ಅದಕ್ಕೊಂದು ಬೀಗ, ಡಿಸ್ಕನ್ನು ತೆರೆದು ಮುಚ್ಚುವುದಕ್ಕೆ ಇನ್ನೊಂದು ಬೀಗ. ಹಿಂದೆ ಕೆಲವು ಕಡತವ್ಯವಸ್ಥೆಗಳು ಮೊದಲನೆಯ ಬೀಗವನ್ನು ಹಿಡಿದುಕೊಂಡೇ ತಮ್ಮ ಸಾಧನಗಳನ್ನು ಮುಚ್ಚುತ್ತಿದ್ದುವು; ಮುಚ್ಚಲು ಎರಡನೆಯದೂ ಬೇಕು. ಅದೇ ಕ್ಷಣದಲ್ಲಿ ಡಿಸ್ಕು ಯಂತ್ರದಿಂದ ಕಳಚಿಹೋದರೆ, ಆ ಸುದ್ದಿಯನ್ನು ಮುಟ್ಟಿಸುವ ಕಾರ್ಯವು ಎರಡನೆಯ ಬೀಗವನ್ನು ಹಿಡಿದು ಮೊದಲನೆಯದನ್ನು ಬೇಡಬಹುದು. ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನ ಕೈಯಲ್ಲಿ, ಇಬ್ಬರೂ ಬಿಡರು. ಕೆಲಸವು ಅಲ್ಲಿಗೆ ಸ್ತಂಭಿತವಾಗುತ್ತದೆ.

ಇದಕ್ಕೆ ಪರಿಹಾರವಾಗಿ, ಮೊದಲನೆಯ ಬೀಗವನ್ನು ಬಿಟ್ಟ ಮೇಲೆಯೇ ಸಾಧನವನ್ನು ಮುಚ್ಚುವಂತೆ ಕ್ರಮವನ್ನು ಬದಲಾಯಿಸಿದರು. ಆದರೆ ಇದರಿಂದ ಮತ್ತೊಂದು ಸಂದು ತೆರೆಯಿತು. ಸೂಪರ್‌ಬ್ಲಾಕಿನ ಹೆಸರು ಪಟ್ಟಿಯಿಂದ ಆಗಲೇ ಅಳಿದುಹೋಗಿರುತ್ತದೆ. ಡಿಸ್ಕು ಮಾತ್ರ ಇನ್ನೂ ಹಳೆಯ ಒಡೆಯನ ವಶದಲ್ಲಿರುತ್ತದೆ. ಅದೇ ಡಿಸ್ಕನ್ನು ಮತ್ತೆ ಬಳಕೆಗೆ ತರಲು ಬಂದವನು ಪಟ್ಟಿಯಲ್ಲಿ ಯಾರನ್ನೂ ಕಾಣದೆ ಮುಂದುವರಿದು, ಸಾಧನವು ಕಾರ್ಯನಿರತವಾಗಿದೆಯೆಂಬ ಉತ್ತರವನ್ನು ಪಡೆದು ಹಿಂದಿರುಗಬೇಕಾಗುತ್ತದೆ.

ಇಂತಹ ದೋಷವನ್ನು ಹುಡುಕುವುದು ಸುಲಭವಲ್ಲ. ಸಾಕ್ಷ್ಯಕ್ಕಾಗಿ ನಡುವೆ ಒಂದು ಸಾಲು ಬರೆಯಿಸಿದರೂ ಕಾಲದ ಅಂತರವು ಬದಲಾಗಿ ದೋಷವು ಮರೆಯಾಗಬಹುದು. ಆದಕಾರಣ ಶೋಧಕರು ಶಂಕಿತ ಸ್ಥಳದಲ್ಲಿ ಬೇಕೆಂದೇ ವಿಳಂಬವನ್ನು ಸೇರಿಸಿ, ಅಪರೂಪದ ದೋಷವು ಪದೇಪದೇ ಕಾಣಿಸಿಕೊಳ್ಳುವಂತೆ ಮಾಡುತ್ತಾರೆ. 2006ರಲ್ಲಿ ಕರ್ನಲ್‌ಗೆ ಸೇರಿದ ‘ಲಾಕ್‌ಡೆಪ್’ ಎಂಬ ಉಪಕರಣವು ಬೀಗಗಳನ್ನು ಹಿಡಿದ ಅನುಕ್ರಮವನ್ನು ದಾಖಲಿಸುತ್ತದೆ. ವಿರುದ್ಧ ಕ್ರಮವೊಂದು ಕಂಡೊಡನೆ, ಸ್ತಂಭನವು ನಿಜವಾಗಿ ಸಂಭವಿಸದಿದ್ದರೂ, ಎಚ್ಚರಿಸುತ್ತದೆ. 2020ರಲ್ಲಿ ಬಂದ ‘ಕೆಸಿಎಸ್ಎಎನ್’ ಒಂದೇ ಸ್ಮೃತಿಸ್ಥಾನವನ್ನು ಇಬ್ಬರು ರಕ್ಷಣೆಯಿಲ್ಲದೆ ಏಕಕಾಲದಲ್ಲಿ ಮುಟ್ಟುವುದನ್ನು ಪತ್ತೆಹಚ್ಚುತ್ತದೆ. ಮೇಲೆ ಹೇಳಿದ ಮೊದಲನೆಯ ದೋಷವು ಲಾಕ್‌ಡೆಪ್ ಹಿಡಿಯಬಲ್ಲ ಜಾತಿಯದು. ಎರಡನೆಯದು ಹಾಗಲ್ಲ, ಅಲ್ಲಿ ಬೀಗಗಳ ಕ್ರಮವು ಸರಿಯಾಗಿಯೇ ಇದೆ, ತಪ್ಪಿರುವುದು ದಾಖಲೆಗೂ ವಸ್ತುಸ್ಥಿತಿಗೂ ಇರಬೇಕಾದ ಹೊಂದಿಕೆ. ಅದನ್ನು ವಿಚಾರದಿಂದಲೇ ಕಂಡುಕೊಳ್ಳಬೇಕು.

2023ರ ಅಕ್ಟೋಬರಿನಲ್ಲಿ ಪ್ರಕಟವಾದ 6.6ನೆಯ ಆವೃತ್ತಿಯು ಇದನ್ನು ಹೀಗೆ ಸರಿಪಡಿಸಿತು. ಸೂಪರ್‌ಬ್ಲಾಕಿಗೆ ಮೊದಲು ‘ಅವಸಾನದಲ್ಲಿದೆ’ ಎಂಬ ಗುರುತು ಬೀಳುತ್ತದೆ. ಹೆಸರು ಪಟ್ಟಿಯಲ್ಲಿಯೇ ಉಳಿಯುತ್ತದೆ. ಹೊಸಬರು ಅದನ್ನು ಕಂಡು ಕಾಯುತ್ತಾರೆ. ಸಾಧನವು ಮುಚ್ಚಿದ ಬಳಿಕವೇ ಹೆಸರು ಅಳಿದು, ‘ಗತಿಸಿತು’ ಎಂಬ ಗುರುತು ಬಿದ್ದು, ಕಾದವರಿಗೆ ದಾರಿ ತೆರೆಯುತ್ತದೆ.

ವಸ್ತುವು ನಿಜವಾಗಿ ಬಿಡುಗಡೆಯಾಗುವ ಮೊದಲೇ ಅದರ ದಾಖಲೆಯನ್ನು ಅಳಿಸಕೂಡದೆಂಬುದು ಇದರಿಂದ ವಿದಿತವಾಗುವ ತತ್ತ್ವ. ದಫ್ತರಗಳ ನಡುವೆ ಕೆಲಸಮಾಡುವ ವಿದ್ಯಾರ್ಥಿಗೆ ಇದರ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.