ಬೆಳೆದಂತೆ ಬಿಗಿಯುವ ಕಾಲು
ಕಲ್ಮಲ: ಇಲ್ಲಿ ಬಸ್ಸಿಗೆ ಕಾಯುವ ಜನರ ನಡುವೆ ತುದಿಗಾಲಲ್ಲಿ ನಡೆಯುವ ಮಗು ಕಂಡರೆ ಹಿರಿಯರ ಮಾತು ಒಂದೇ: 'ದೊಡ್ಡಾವ ಆದ ಮ್ಯಾಲ ತಾನಾ ಸರಿ ಆಗ್ತಾನ ಬಿಡ್ರಿ.'

ಆಗೋದಿಲ್ಲ ಸ್ವಾಮಿ! ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಆ ಪೆಟ್ಟು ಹೆಚ್ಚುವುದಿಲ್ಲ. ಹೆಚ್ಚುವುದು ಮಗುವಿನ ಎತ್ತರ, ತೂಕ. ನಡೆಯುವಾಗ ತೊಡೆಯ ಮುಂದಿನ ಸ್ನಾಯು ಎಳೆದರೆ ಹಿಂದಿನದು ಸಡಿಲ ಬಿಡಬೇಕು. ಉಳಿದ ಮಕ್ಕಳು 7 ವರ್ಷದ ಹೊತ್ತಿಗೆ ಇದನ್ನು ಬಹುಮಟ್ಟಿಗೆ ಕಲಿತಿರುತ್ತಾರೆ. ಈ ಮಕ್ಕಳಲ್ಲಿ ಎರಡೂ ಒಟ್ಟಿಗೇ ಎಳೆಯುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ! ಸಾಲದ್ದಕ್ಕೆ, ಮೂಳೆ ಬೆಳೆದಷ್ಟು ಬಿಗಿದ ಸ್ನಾಯು ಉದ್ದವಾಗದು. 5 ವರ್ಷಕ್ಕೆ ತುದಿಗಾಲಲ್ಲಿ ಓಡಿದ ಹುಡುಗ 12-13ಕ್ಕೆ ಮೊಣಕಾಲು ಮಡಚಿ, ಕುಗ್ಗಿ ನಡೆಯಬಹುದು. ಅರ್ಧ ಫರ್ಲಾಂಗಿಗೇ ಸುಸ್ತು.

ಬರೀ ಎಣ್ಣೆ ಮಾಲೀಸು ಸಾಲದು. ಮೀನಖಂಡ ಹಿಗ್ಗಿಸುವ ವ್ಯಾಯಾಮ, ಕಾಲಿಗೆ ಆಸರೆಪಟ್ಟಿ, ಎತ್ತರ ಹೆಚ್ಚುವ ವರ್ಷಗಳಲ್ಲಿ ತಪ್ಪದೆ ತಪಾಸಣೆ ಬೇಕು. ರಾಯಚೂರಿನಲ್ಲಿ 2007ರಿಂದ ರಿಮ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ತೊಂದರೆಯ ಹೆಸರೂ ಇದೆ. ಗುರುತಿನ ಚೀಟಿ ಮಾಡಿಸಿದರೆ ರಿಯಾಯಿತಿ ಬಸ್ ಪಾಸಿಗೂ ದಾರಿ. ಮೆಟ್ಟಿಲು ಮಾತ್ರ ಎತ್ತರ; ಕಂಡಕ್ಟರ್ ಸಾಹೇಬರು ಸೀಟಿ ತುಸು ತಡವಾಗಿ ಊದಲಿ.