ರೈತರ ವೈಯಕ್ತಿಕ ಮಾಹಿತಿ: ಸೋರುವ ದಾರಿಗಳು ಮತ್ತು ರಕ್ಷಣೆಯ ಕ್ರಮಗಳು

ಗುರುತು ಪರಿಚಯವಿಲ್ಲದ ಯಾರೋ ಹೆಸರು ಹಿಡಿದು ಫೋನು ಮಾಡಿ, ಟ್ರ್ಯಾಕ್ಟರು ಬೇಕೇ, ಪಂಪ್‌ಸೆಟ್ಟು ಬೇಕೇ, ಸಾಲ ಬೇಕೇ ಎಂದು ಕೇಳುವುದು ಇತ್ತೀಚೆಗೆ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ತಮ್ಮ ಹೆಸರು, ಊರು, ಬೆಳೆ ಇವರಿಗೆ ಹೇಗೆ ತಿಳಿಯಿತು ಎಂದು ರೈತರು ಆಶ್ಚರ್ಯಪಡುತ್ತಾರೆ. ಇದಕ್ಕೆ ಕಾರಣ ಮಾಹಿತಿಯ ವ್ಯಾಪಾರ. ಜನರ ವಿವರಗಳನ್ನು ಹಲವು ಕಡೆಗಳಿಂದ ಕಲೆಹಾಕಿ, ಜೋಡಿಸಿ, ಬೇಕಾದವರಿಗೆ ಮಾರುವವರನ್ನು ಮಾಹಿತಿ ದಲ್ಲಾಳಿಗಳೆಂದು ಕರೆಯಬಹುದು. ಮಂಡಿಯ ದಲ್ಲಾಳಿಯನ್ನು ರೈತನು ಬಲ್ಲ. ತೂಕವೂ ಅವನ ಕಣ್ಣೆದುರಿಗೇ ಆಗುತ್ತದೆ. ಈ ದಲ್ಲಾಳಿಯಾದರೋ ಕಣ್ಣಿಗೆ ಬೀಳುವುದಿಲ್ಲ, ಮಾರಾಟವಾದ ಸುದ್ದಿಯೂ ಮಾಲಿನ ಒಡೆಯನಿಗೆ ತಿಳಿಯುವುದಿಲ್ಲ.

ಈ ವ್ಯಾಪಾರ ಚಿಕ್ಕದಲ್ಲ. 2023ರ ಮಾರ್ಚಿಯಲ್ಲಿ ಹೈದರಾಬಾದಿನ ಸೈಬರಾಬಾದ್ ಪೊಲೀಸರು ಬಯಲಿಗೆಳೆದ ಒಂದು ತಂಡದ ಬಳಿ 16.8 ಕೋಟಿ ಜನರ ವಿವರಗಳು ಮಾರಾಟಕ್ಕಿದ್ದುವೆಂದು ಪ್ರಕಟಿಸಿದರು.

ಮಾಹಿತಿ ಸೋರುವ ದಾರಿಗಳು

ಮೊದಲನೆಯದು ಸಾರ್ವಜನಿಕ ದಾಖಲೆಗಳು. ಸರ್ವೆ ನಂಬರು ಗೊತ್ತಿದ್ದರೆ ಯಾರು ಬೇಕಾದರೂ ಪಹಣಿಯನ್ನು ನೋಡಬಹುದು. ಹಿಡುವಳಿದಾರರ ಹೆಸರು, ವಿಸ್ತೀರ್ಣ, ಬೆಳೆ, ಜಮೀನಿನ ಮೇಲಿರುವ ಸಾಲ ಇವೆಲ್ಲ ಅದರಲ್ಲಿ ಇರುತ್ತವೆ. ಎರಡನೆಯದು, ಮೇಳ ಮತ್ತು ಪ್ರದರ್ಶನಗಳ ಮಳಿಗೆಗಳಲ್ಲಿ ಬಹುಮಾನದ ಆಸೆಗೆ ತುಂಬಿಕೊಡುವ ಚೀಟಿಗಳು. ಮೂರನೆಯದು, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮತ್ತು ವಾಟ್ಸಾಪ್‌ನಲ್ಲಿ ಉಳಿದುಹೋಗುವ ಆಧಾರ್ ಮತ್ತು ಪಾಸ್‌ಬುಕ್ಕಿನ ಪ್ರತಿಗಳು. ನಾಲ್ಕನೆಯದು, ಫೋನಿನಲ್ಲಿರುವ ನಂಬರುಗಳು, ಸಂದೇಶಗಳು, ಇರುವ ಸ್ಥಳ ಎಲ್ಲಕ್ಕೂ ಅನುಮತಿ ಕೇಳುವ ಆ್ಯಪ್‌ಗಳು.

ಇವುಗಳಲ್ಲಿ ಒಂದೊಂದೇ ವಿವರ ಅಷ್ಟು ಬೆಲೆಯದಲ್ಲ. ಆದರೆ ಪಹಣಿಯ ಹೆಸರಿಗೆ ಚೀಟಿಯ ಫೋನ್ ನಂಬರೂ, ಅದಕ್ಕೆ ಆಧಾರ್ ಪ್ರತಿಯೂ ಸೇರಿದಾಗ ರೈತನ ಪೂರ್ಣ ಚಿತ್ರ ಸಿದ್ಧವಾಗುತ್ತದೆ. ವಂಚಕನಿಗೆ ಬೇಕಾದದ್ದೂ ಇದೇ. ಹೆಸರು, ಊರು, ಸಾಲದ ವಿವರ ಸರಿಯಾಗಿ ಹೇಳಿದವನನ್ನು ಬ್ಯಾಂಕಿನವನೆಂದೇ ನಂಬುವುದು ಸಹಜ.

ಬೆರಳಚ್ಚಿನ ವಿಷಯ

ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು, ಒಟಿಪಿ ಬೇಕಿಲ್ಲ. ದೂರದ ಹಳ್ಳಿಗಳಿಗೆ ಇದು ಬಹಳ ಉಪಯುಕ್ತ. ಆದರೆ ಕ್ರಯಪತ್ರಗಳಲ್ಲಿ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ಎರಡೂ ಇರುವುದುಂಟು. ಇಂತಹ ಪತ್ರಗಳ ಪ್ರತಿಗಳಿಂದ ಬೆರಳಚ್ಚಿನ ನಕಲು ತಯಾರಿಸಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದುವು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ರಕ್ಷಣೆಯ ಕ್ರಮಗಳು

ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮುನ್ನ ಕೀಳಬೇಕು. ಬೀಜ ಉದುರಿದ ಮೇಲೆ ಆರಿಸಿ ತೆಗೆಯಲಾಗದು. ಮಾಹಿತಿಯೂ ಹಾಗೆಯೇ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಮೊದಲೇ ಅನುಸರಿಸುವುದು ಲೇಸು.

1. ಗುರುತಿಗಾಗಿ ಮಾತ್ರ ಆಧಾರ್ ಕೇಳಿದಲ್ಲಿ, ಮೊದಲ 8 ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕೊಡಿ. ಇದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ದೊರೆಯುತ್ತದೆ. ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಅಡ್ಡಲಾಗಿ ಬರೆಯಿರಿ.

2. ಅದೇ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಇದಕ್ಕೆ ಆಧಾರ್‌ಗೆ ಮೊಬೈಲ್ ನಂಬರು ಜೋಡಣೆಯಾಗಿರಬೇಕು. ಬೀಗವಿದ್ದಾಗ ಪಡಿತರ ಅಂಗಡಿಯಲ್ಲೂ ಬೆರಳಚ್ಚು ಒಪ್ಪಿಗೆಯಾಗದು. ಬೇಕಾದಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು.

3. ಪಿಎಂ ಕಿಸಾನ್ ಕಂತು, ಬೆಳೆ ಪರಿಹಾರ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಕಡತಗಳನ್ನು ತೆರೆಯಕೂಡದು. ಸಂಶಯವಿದ್ದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

4. ಅಂಗಡಿಯಲ್ಲಿ ಪ್ರತಿ ತೆಗೆಸಿದ ಮೇಲೆ, ಕಂಪ್ಯೂಟರಿನಲ್ಲಿರುವ ಕಡತವನ್ನು ಎದುರಿನಲ್ಲೇ ಅಳಿಸಲು ಹೇಳಿ.

5. ಜಾಹೀರಾತು ಕರೆಗಳನ್ನು ನಿಲ್ಲಿಸಲು 1909ಕ್ಕೆ ಕರೆ ಮಾಡಿ ನೋಂದಾಯಿಸಿ. ಆದರೆ ವಂಚಕರ ಕರೆ ಇದರಿಂದ ನಿಲ್ಲುವುದಿಲ್ಲ.

6. ಹಣ ಹೋದುದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಅದೇ ದಿನ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಡವಾದಷ್ಟೂ ಹಣ ಮರಳುವ ಸಂಭವ ಕಡಿಮೆ.

ಕಾನೂನಿನ ಆಸರೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿತು. ಮಾಹಿತಿ ಏಕೆ ಬೇಕೆಂಬ ಸೂಚನೆಯನ್ನು ಕನ್ನಡದಲ್ಲಿಯೂ ಕೇಳಿ ಪಡೆಯುವುದಕ್ಕೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದಕ್ಕೆ, ವಿವರಗಳನ್ನು ಅಳಿಸಲು ಕೇಳುವುದಕ್ಕೆ ಇದರಲ್ಲಿ ಅವಕಾಶವಿದೆ. ಮಾಹಿತಿಯನ್ನು ಭದ್ರವಾಗಿಡದ ಸಂಸ್ಥೆಗೆ ರೂ. 250 ಕೋಟಿವರೆಗೆ ದಂಡ ವಿಧಿಸಬಹುದು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿದ್ದು, ಮುಖ್ಯ ಕಲಮುಗಳ ಜಾರಿಗೆ ಅಂದಿನಿಂದ 18 ತಿಂಗಳ ಅವಧಿಯನ್ನು ಇಡಲಾಗಿದೆ. ಒಂದು ಮಿತಿಯನ್ನು ರೈತರು ಗಮನದಲ್ಲಿಡಬೇಕು: ಕಾನೂನಿನ ಪ್ರಕಾರವೇ ಸಾರ್ವಜನಿಕವಾಗಿರುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಪಹಣಿಯ ವಿವರ ಹೇಳಿದ ಮಾತ್ರಕ್ಕೆ ಯಾರನ್ನೂ ಅಧಿಕಾರಿಯೆಂದು ನಂಬಕೂಡದು.

ವಿಸ್ತರಣಾ ಕಾರ್ಯಕರ್ತರಿಗೆ

ಫಲಾನುಭವಿಗಳ ಪಟ್ಟಿ ಮತ್ತು ತರಬೇತಿಯ ಹಾಜರಿ ಹಾಳೆಯ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವ ರೂಢಿಯನ್ನು ನಾವೂ ಬಿಡಬೇಕಾಗಿದೆ. ಒಂದು ಹಾಳೆಯಲ್ಲಿ ಐವತ್ತು ಮನೆಗಳ ಹೆಸರು ಮತ್ತು ಫೋನ್ ನಂಬರುಗಳಿರುತ್ತವೆ. ಮೇಲಧಿಕಾರಿಗೆ ವರದಿ ಬೇಕಿದ್ದರೆ ಅವರಿಗೊಬ್ಬರಿಗೇ ಕಳುಹಿಸಿದರೆ ಸಾಕು. ಸರ್ಕಾರದ ಸವಲತ್ತಿಗೆ ಬೇಕಾದ ವಿವರಗಳನ್ನು ರೈತರು ಕೊಡಲೇಬೇಕು. ಆದರೆ ಯಾರಿಗೆ, ಯಾತಕ್ಕೆ, ಎಷ್ಟು ಎಂದು ಕೇಳಿ ಕೊಡಬೇಕು. ಹಾಗೆ ಕೇಳಿದ ರೈತನಿಗೆ ಬೇಸರಿಸದೆ ಉತ್ತರಿಸುವುದು ನಮ್ಮ ಕರ್ತವ್ಯ.